11 ವರ್ಷದ ಮಗನ ಯೂರಿನ್ ರಿಪೋರ್ಟಿನಲ್ಲಿ ಪ್ರೊಟೀನ್ 1+ ಇದೆ. ತೊಗರಿಬೇಳೆ ನಿಲ್ಲಿಸಬೇಕಾ?

ಬೇಡ, ನಿಲ್ಲಿಸಬೇಡಿ. ಊಟದ ಬೇಳೆ ಹಾಗೇ ಮೂತ್ರಕ್ಕೆ ಇಳಿಯುವುದಿಲ್ಲ. ಸೋರುವುದು ರಕ್ತದಲ್ಲಿರುವ ಪ್ರೊಟೀನ್, ಅದೂ ಕಿಡ್ನಿಯ ಜರಡಿಯಿಂದ. ಬೆಳೆಯುವ ಹುಡುಗ, ರೊಟ್ಟಿ ಬೇಳೆ ತಿನ್ನಲಿ ಬಿಡಿ. ಕಲಬುರಗಿಯಲ್ಲಿದ್ದುಕೊಂಡು ತೊಗರಿ ಬಿಡುವುದು ಎಲ್ಲಾದರೂ ಉಂಟೇ!

ನಾನು ಡಾಕ್ಟರ್ ಅಲ್ಲ, ಇಲ್ಲೇ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಜ್ವರ ಇದ್ದಾಗ ಮಾಡಿಸಿದ ಟೆಸ್ಟ್, ಊತ ಏನೂ ಇಲ್ಲ ಅಂದಿದ್ದೀರಿ. 1+ ಅಂದರೆ 100 ಮಿಲಿಲೀಟರಿಗೆ ಸುಮಾರು 30 ಮಿಲಿಗ್ರಾಂ. ಮೂತ್ರದಲ್ಲಿ ಟೆಸ್ಟ್ ಪಟ್ಟಿ ಅದ್ದಿ, ಬಣ್ಣ ನೋಡಿ ಬರೆಯುವ ಅಂದಾಜು ಅದು. ದಿನಕ್ಕೆ ಒಟ್ಟು ಎಷ್ಟು ಹೋಗುತ್ತಿದೆ ಅಂತ ಪಟ್ಟಿ ಹೇಳುವುದಿಲ್ಲ. ನಮ್ಮ ಮೇ ತಿಂಗಳ ಬಿಸಿಲಲ್ಲಿ ನೀರು ಕಡಿಮೆ ಕುಡಿದರೆ ಮೂತ್ರ ಗಟ್ಟಿಯಾಗಿ ಪ್ಲಸ್ ಸುಮ್ನೆ ಏರುತ್ತದೆ. ಜ್ವರ, ಜೋರು ಆಟ ಇದ್ದಾಗಲೂ ಸ್ವಲ್ಪ ದಿನ ಹೀಗಾಗುತ್ತದೆ.

ಇನ್ನೊಂದು ವಿಷಯ. ಈ ವಯಸ್ಸಿನ ಕೆಲವು ಮಕ್ಕಳಿಗೆ ಎದ್ದು ಓಡಾಡುವಾಗ ಮಾತ್ರ ಪ್ರೊಟೀನ್ ಹೋಗುತ್ತದೆ, ಮಲಗಿದಾಗ ಹೋಗುವುದಿಲ್ಲ. ಸಾಮಾನ್ಯವಾಗಿ ಅದರಿಂದ ತೊಂದರೆ ಇಲ್ಲ. ಅದಕ್ಕೇ ಜ್ವರ ಪೂರ್ತಿ ಬಿಟ್ಟು ಒಂದೆರಡು ವಾರ ಆದ ಮೇಲೆ ಬೆಳಗಿನ ಮೊದಲ ಮೂತ್ರ ಕೊಡಿ. ಹಿಂದಿನ ರಾತ್ರಿ ಮಲಗುವ ಮುಂಚೆ ಒಮ್ಮೆ ಮೂತ್ರ ಮಾಡಿಸಿ ಮಲಗಿಸಿ. ಇಲ್ಲದಿದ್ದರೆ ಹಗಲಿನದೇ ಬೆಳಗಿನದರಲ್ಲಿ ಸೇರಿಕೊಂಡಿರುತ್ತದೆ. ಇದನ್ನು ಯಾರೂ ಹೇಳಿರುವುದಿಲ್ಲ, ಜನ ಹತ್ತು ಗಂಟೆಗೆ ಬಂದು ಇಲ್ಲೇ ಡಬ್ಬಿ ತುಂಬಿಸಿ ಕೊಡುತ್ತಾರೆ.

ಆ ಸ್ಯಾಂಪಲ್‌ನಲ್ಲಿ ಪ್ರೊಟೀನ್-ಕ್ರಿಯಾಟಿನಿನ್ ರೇಷಿಯೋ (ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೊರಹಾಕುವ ಒಂದು ತ್ಯಾಜ್ಯ, ಅದಕ್ಕೆ ಹೋಲಿಸಿ ಪ್ರೊಟೀನ್ ಎಷ್ಟು ಅಂತ ನೋಡುವ ಲೆಕ್ಕ) ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ಮೂತ್ರ ತೆಳುವಿರಲಿ ಗಟ್ಟಿಯಿರಲಿ, ಈ ಲೆಕ್ಕ ಅಷ್ಟು ಏರುಪೇರಾಗುವುದಿಲ್ಲ. 2 ವರ್ಷ ದಾಟಿದ ಮಕ್ಕಳಿಗೆ 0.2ರ ಒಳಗಿದ್ದರೆ ನಾರ್ಮಲ್. 2 ಅಥವಾ ಜಾಸ್ತಿ ಬಂದರೆ ನೆಫ್ರೋಟಿಕ್ ಮಟ್ಟ, ಅಂದರೆ ಕಿಡ್ನಿಯಿಂದ ಪ್ರೊಟೀನ್ ತುಂಬಾ ಸೋರುತ್ತಿದೆ ಅಂತ, ಅದು ಬೇರೆಯೇ ಮಾತು. 24 ಗಂಟೆಯ ಮೂತ್ರ ಕೂಡಿಡುವ ಕಷ್ಟ ಈಗ ಹೆಚ್ಚಿನ ಮಕ್ಕಳಿಗೆ ಬೇಕಾಗುವುದಿಲ್ಲ.

ಬೆಳಗಿನ ಮೂತ್ರದಲ್ಲೂ ಮತ್ತೆ ಪ್ರೊಟೀನ್ ಬಂದರೆ, ಅಥವಾ ಜೊತೆಗೆ ರಕ್ತವೂ ಕಂಡರೆ, ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. ಬಿಪಿ ನೋಡುತ್ತಾರೆ, ರಕ್ತದಲ್ಲಿ ಕ್ರಿಯಾಟಿನಿನ್, ಆಲ್ಬುಮಿನ್ (ರಕ್ತದ ಮುಖ್ಯ ಪ್ರೊಟೀನ್) ಟೆಸ್ಟ್ ಮಾಡಿಸುತ್ತಾರೆ. ಬೇಕಾದರೆ ಸ್ಕ್ಯಾನ್.

ಆದರೆ ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿದ್ದರೆ, ಕಾಲು ಅಥವಾ ಹೊಟ್ಟೆ ಊದಿದರೆ, ಮೂತ್ರ ಕಡಿಮೆಯಾದರೆ ಅಥವಾ ಚಹಾ ಬಣ್ಣಕ್ಕೆ ತಿರುಗಿದರೆ ಈ ಒಂದೆರಡು ವಾರ ಕಾಯಬೇಡಿ. ಅಲರ್ಜಿ ಇರಬೇಕು ಅಂತ ಕಣ್ಣಿಗೆ ಡ್ರಾಪ್ಸ್ ಹಾಕಿ ದಿನ ದೂಡುವವರನ್ನು ನೋಡಿದ್ದೇನೆ. ಅವತ್ತೇ ತೋರಿಸಿ, ಈ ಹಳೇ ರಿಪೋರ್ಟ್ ಕೂಡ ತಗೊಂಡು ಹೋಗಿ.