ಪ್ಯಾಪ್ ಪರೀಕ್ಷೆ ಫ್ರೀ ಅಂದಿದ್ರು, ಬಿಲ್ ಯಾಕೆ ಬಂತು?

ಪ್ರಶ್ನೆ: ನನಗೆ 34 ವರ್ಷ, ಡಲ್ಲಾಸ್‌ನಲ್ಲಿದ್ದೇನೆ. ಇನ್ಶೂರೆನ್ಸ್ ನಮ್ಮ ಯಜಮಾನರ ಕಂಪನಿಯದು. 4 ವರ್ಷದ ಮೇಲೆ ಪ್ಯಾಪ್ ಪರೀಕ್ಷೆ (ಗರ್ಭಕಂಠದ ಕ್ಯಾನ್ಸರ್ ತಪಾಸಣೆ) ಮಾಡಿಸಿದೆ. ರಿಪೋರ್ಟ್ ನಾರ್ಮಲ್, ಆದರೆ ಬಿಲ್ ಬಂದಿದೆ. ಟೆಕ್ಸಸ್‌ನಲ್ಲಿ ವರ್ಷಕ್ಕೊಮ್ಮೆ ಫ್ರೀ ಅಂತಾಳೆ ಗೆಳತಿ. ನಿಜವೇ? ಶಿವಮೊಗ್ಗದಿಂದ ಅಮ್ಮ ಬರುತ್ತಿದ್ದಾರೆ, 58 ವರ್ಷ. ಅವರಿಗೂ ಇಲ್ಲೇ ಮಾಡಿಸಬಹುದಾ?

ಉತ್ತರ: ರಿಪೋರ್ಟ್ ನಾರ್ಮಲ್ ಬಂದಿದ್ದು ಕೇಳಿ ಸಮಾಧಾನವಾಯಿತು. ಬಿಲ್ ಕಟ್ಟಲು ಆತುರ ಬೇಡ.

ಗೆಳತಿ ಹೇಳಿದ್ದು ಅರ್ಧ ನಿಜ. 18 ತುಂಬಿದ ಹೆಂಗಸರ ಗರ್ಭಕಂಠದ ವಾರ್ಷಿಕ ಪರೀಕ್ಷೆಯನ್ನು ಇನ್ಶೂರೆನ್ಸ್‌ನಲ್ಲಿ ಸೇರಿಸಬೇಕು ಅಂತ ಟೆಕ್ಸಸ್ ಕಾನೂನು ಹೇಳುತ್ತದೆ. ಆದರೆ ಅದು ಎಲ್ಲ ಪ್ಲಾನಿಗೂ ಅನ್ವಯಿಸುವುದಿಲ್ಲ. ಎಷ್ಟೋ ದೊಡ್ಡ ಕಂಪನಿಗಳು ಉದ್ಯೋಗಿಗಳ ಆಸ್ಪತ್ರೆ ಖರ್ಚನ್ನು ತಾವೇ ಭರಿಸುತ್ತವೆ. ಇನ್ಶೂರೆನ್ಸ್ ಕಂಪನಿ ಬರೀ ಲೆಕ್ಕಪತ್ರ ನೋಡಿಕೊಳ್ಳುತ್ತದೆ. ಇದು ಸೆಲ್ಫ್ ಫಂಡೆಡ್ ಪ್ಲಾನ್. 1974ರ ಎರಿಸಾ ಎಂಬ ಫೆಡರಲ್ ಕಾನೂನಿನಿಂದಾಗಿ ಇಂಥ ಪ್ಲಾನ್ ಮೇಲೆ ರಾಜ್ಯದ ಇನ್ಶೂರೆನ್ಸ್ ಕಾನೂನು ನಡೆಯುವುದಿಲ್ಲ. ನಿಮ್ಮ ಕಾರ್ಡ್ ತೆಗೆದು ನೋಡಿ. ಅದರ ಮೇಲೆ ಟಿಡಿಐ ಅಥವಾ ಡಿಒಐ ಅನ್ನೋ ಅಕ್ಷರಗಳಿದ್ದರೆ ಪ್ಲಾನ್ ಟೆಕ್ಸಸ್ ಹಿಡಿತದಲ್ಲಿದೆ. ಕಾಣದಿದ್ದರೆ ಯಜಮಾನರಿಗೆ ಎಚ್‌ಆರ್‌ನಲ್ಲಿ ವಿಚಾರಿಸಲು ಹೇಳಿ.

ಯಾವ ಪ್ಲಾನ್ ಆದರೂ ನಿಮ್ಮ ನಿಜವಾದ ಬಲ 2010ರ ಫೆಡರಲ್ ಕಾನೂನು, ಅಂದರೆ ಒಬಾಮಾಕೇರ್. ತೀರಾ ಹಳೆಯ ಕೆಲವು ಪ್ಲಾನ್ ಬಿಟ್ಟರೆ ಸೆಲ್ಫ್ ಫಂಡೆಡ್‌ಗೂ ಅದು ಅನ್ವಯ. ನಿಮ್ಮ ವಯಸ್ಸಿನವರಿಗೆ 3 ವರ್ಷಕ್ಕೊಮ್ಮೆ ಪ್ಯಾಪ್, ಇಲ್ಲವೇ 5 ವರ್ಷಕ್ಕೊಮ್ಮೆ ಎಚ್‌ಪಿವಿ (ಈ ಕ್ಯಾನ್ಸರ್ ತರುವ ವೈರಸ್) ಪರೀಕ್ಷೆಗೆ ಕೋಪೇ (ಪ್ರತಿ ಸಲ ನಾವು ಕಟ್ಟುವ ಪಾಲು), ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡುವ ಮೊದಲು ನಾವೇ ಭರಿಸುವ ಮೊತ್ತ) ಯಾವುದೂ ಇಲ್ಲ. ಡಾಕ್ಟರ್, ಲ್ಯಾಬ್ ಎರಡೂ ಇನ್-ನೆಟ್‌ವರ್ಕ್ (ನಿಮ್ಮ ಇನ್ಶೂರೆನ್ಸ್ ಜೊತೆ ಒಪ್ಪಂದ ಇರುವವರು) ಇರಬೇಕು ಅಷ್ಟೆ. ಡಾಕ್ಟರ್ ಇದ್ದರೂ ಲ್ಯಾಬ್ ಇಲ್ಲದಿರುವುದುಂಟು, ಅದನ್ನೂ ನೋಡಿಕೊಳ್ಳಿ.

ಎರಡೂ ನೆಟ್‌ವರ್ಕ್‌ನಲ್ಲೇ ಇದ್ದರೆ ಪರೀಕ್ಷೆಯ ಕಾರಣ ತಿಳಿಸಲು ಬಿಲ್ಲಿನಲ್ಲಿ ಹಾಕುವ ಕೋಡ್ ತಪ್ಪಿರಬಹುದು. ಕ್ಲಿನಿಕ್‌ನ ಬಿಲ್ಲಿಂಗ್‌ಗೆ ಫೋನ್ ಮಾಡಿ, ಯಾವ ಕೋಡ್ ಹಾಕಿದ್ದೀರಿ ಅಂತ ನೇರವಾಗಿ ಕೇಳಿ. ತಪಾಸಣೆಗೆ ಝಡ್12.4 ಅಥವಾ ಝಡ್01.419 ಇರಬೇಕು. ರೋಗಲಕ್ಷಣದ ಕೋಡ್ ಬಿದ್ದಿದ್ದರೆ ತಿದ್ದಿ ಮತ್ತೆ ಕಳಿಸಲು ಹೇಳಿ. ಕೇಳೋಕೆ ಸಂಕೋಚ ಯಾಕೆ, ಅದು ನಿಮ್ಮ ಹಕ್ಕು. ಅಷ್ಟಕ್ಕೂ ಬಗೆಹರಿಯದಿದ್ದರೆ ಇನ್ಶೂರೆನ್ಸ್‌ನವರು ಹಣ ಕೊಡಲ್ಲ ಅಂದ 180 ದಿನದೊಳಗೆ ಮೇಲ್ಮನವಿ ಹಾಕಿ.

ಅಮ್ಮನ ವಿಷಯ. ವಿಸಿಟರ್ ಇನ್ಶೂರೆನ್ಸ್‌ನಲ್ಲಿ ಇಂಥ ತಪಾಸಣೆ ಸಾಮಾನ್ಯವಾಗಿ ಇರುವುದಿಲ್ಲ. ಊರಲ್ಲೇ ಮಾಡಿಸಿಕೊಂಡು ಹೊರಡಲಿ. 30ರಿಂದ 65 ವರ್ಷದ ಹೆಂಗಸರಿಗೆ 5 ವರ್ಷಕ್ಕೊಮ್ಮೆ ಗರ್ಭಕಂಠದ ತಪಾಸಣೆ ಮಾಡುವ ಸರ್ಕಾರಿ ಕಾರ್ಯಕ್ರಮ ಅಲ್ಲಿದೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಲಿ. ಆದರೆ ಮುಟ್ಟು ನಿಂತಮೇಲೆ ರಕ್ತ ಕಂಡಿದ್ದರೆ, ತಪಾಸಣೆಗೆ ಅಂತ ಕಾಯದೆ ಈಗಲೇ ಸ್ತ್ರೀರೋಗ ತಜ್ಞರಿಗೆ ತೋರಿಸಲಿ.