ಬೆಳಗಾವಿಯಲ್ಲಿ ಬ್ಯಾಟರಿ ಸ್ಪ್ರೇಯರ್, ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಬ್ಸಿಡಿ ಸಿಗುತ್ತದೆಯೇ?

ಮನೆಯಂಗಳದ ಹುಲ್ಲಿಗೆಂದು ಕೊಂಡರೆ ಸಿಗುವುದಿಲ್ಲ. ಹೊಲ ನಿಮ್ಮ ಹೆಸರಿನಲ್ಲಿದ್ದರೆ ಕೃಷಿ ಇಲಾಖೆಯ ಯಾಂತ್ರೀಕರಣ ಯೋಜನೆಯಲ್ಲಿ ಕೇಳಬಹುದು: ಸಾಮಾನ್ಯ ರೈತರಿಗೆ ಶೇ. 50, ಪರಿಶಿಷ್ಟ ಜಾತಿ-ಪಂಗಡದವರಿಗೆ ಶೇ. 90ರವರೆಗೆ, ಅದಕ್ಕೂ ಮಿತಿ ಉಂಟು.

ಕಾರಣ ಇಷ್ಟೇ. ಸಬ್ಸಿಡಿ ಹಣ ರೈತನ ಜಮೀನಿನ ದಾಖಲೆಗೆ, ಅಂದರೆ ಸರ್ಕಾರದ ರೈತ ನೋಂದಣಿ ವ್ಯವಸ್ಥೆಯಾದ ಫ್ರೂಟ್ಸ್‌ನ ಗುರುತಿನ ಸಂಖ್ಯೆಗೆ (ಎಫ್‌ಐಡಿ) ಜೋಡಿಸಿಕೊಂಡು ಬರುತ್ತದೆ. ಹೀಗಾಗಿ ಉತಾರದಲ್ಲೊಂದು (ಪಹಣಿಯಲ್ಲೊಂದು), ಆಧಾರ್‌ನಲ್ಲೊಂದು ಹೆಸರಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮೊದಲು ಅದನ್ನು ಸರಿಮಾಡಿಸಿ.

ಉತಾರ, ಆಧಾರ್, ಪಾಸ್‌ಬುಕ್, ಫೋಟೊ ಹಿಡಿದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಯಾವ ಮಾದರಿಗೆ ಸಬ್ಸಿಡಿ ಎಂಬುದು ಆ ವರ್ಷದ ಪಟ್ಟಿಯಲ್ಲಿರುತ್ತದೆ, ಅನುದಾನ ಮುಗಿದರೆ ಮುಂದಿನ ವರ್ಷವೇ. ಮಂಜೂರಾತಿಗೆ ಮೊದಲೇ ಅಂಗಡಿಯಲ್ಲಿ ಕೊಂಡು ಬಿಲ್ ತೋರಿಸಬೇಡಿ. ಬಹಳ ಜನ ಹಣ ಕಳೆದುಕೊಳ್ಳುವುದು ಇಲ್ಲೇ.

ಸ್ಪ್ರೇಯರ್ ಸಿಕ್ಕ ಮೇಲೆ ಅದರ 12 ವೋಲ್ಟ್ ಸೀಸ-ಆಮ್ಲ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ಮೂಲೆಗಿಡಬೇಡಿ. ಒಳಗಿನ ಸೀಸದ ಫಲಕಗಳ ಮೇಲೆ ಬಿಳಿ ಪದರ ಗಟ್ಟಿಯಾಗಿ ಕೂತರೆ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜ್ ಮಾಡಿ.