ಹಿಪ್ಪುನೇರಳೆ ಬೆಟ್ಟಕ್ಕೆ ಅದರ ಹೆಸರು ವಾಪಸ್ ಸಿಕ್ತು

ಪ್ರಶ್ನೆ: ಸರ್, ಮಗಳು ಅಳಿಯ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿದಾರೆ. ಈ ಸಲ ಹೋದಾಗ ಸ್ಮೋಕಿ ಬೆಟ್ಟಗಳಿಗೆ ಕರ್ಕೊಂಡು ಹೋಗಿದ್ರು. ಅಳಿಯಂದ್ರು ದಾರಿಯುದ್ದಕ್ಕೂ ‘ಕ್ಲಿಂಗ್‌ಮನ್ಸ್ ಡೋಮ್’ ಅಂತಿದ್ರು, ಅಲ್ಲಿ ನೋಡಿದ್ರೆ ‘ಕುವೋಹಿ’ ಅಂತ ಬೋರ್ಡು. ಅಷ್ಟು ವರ್ಷ ಎಲ್ರಿಗೂ ರೂಢಿ ಆಗಿದ್ದ ಹೆಸರನ್ನ ಈಗ ತೆಗೆದು ಏನು ಪ್ರಯೋಜನ? (ನಿವೃತ್ತ ಶಿಕ್ಷಕಿ, ಮೈಸೂರು)

ಉತ್ತರ: ಮೇಡಂ, ರೂಢಿ ಅಂದ್ರೆ ಯಾರ ರೂಢಿ ಅಂತ ಮೊದಲು ನೋಡ್ಬೇಕು. 1859ರಲ್ಲಿ ಆರ್ನಾಲ್ಡ್ ಗ್ಯೋ ಅನ್ನೋ ಭೂಗೋಳ ತಜ್ಞ ಆ ಬೆಟ್ಟಕ್ಕೆ ಥಾಮಸ್ ಕ್ಲಿಂಗ್‌ಮನ್ ಅನ್ನೋ ರಾಜಕಾರಣಿಯ ಹೆಸರಿಟ್ಟ, ಆತ ಆಮೇಲೆ ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸ್ಕೊಳ್ಳೋಕೆ ಹೋರಾಡಿದ ದಕ್ಷಿಣದ ಸೈನ್ಯದಲ್ಲಿ ಜನರಲ್ ಆದ. ಆದ್ರೆ ಅಲ್ಲಿನ ಮೂಲನಿವಾಸಿಗಳಾದ ಚೆರೋಕಿ ಜನಕ್ಕೆ ಅದು ಅದಕ್ಕೂ ಎಷ್ಟೋ ಮುಂಚಿಂದ ಕುವೋಹಿ, ಅಂದ್ರೆ ಹಿಪ್ಪುನೇರಳೆ ಇರೋ ಜಾಗ. ರಾಮನಗರ ಶಿಡ್ಲಘಟ್ಟದ ರೇಷ್ಮೆ ನೋಡಿದ ನಮಗೆ ಹಿಪ್ಪುನೇರಳೆ ಅಂದ ತಕ್ಷಣ ಕಣ್ಮುಂದೆ ಗಿಡ ಬರುತ್ತೆ ಅಲ್ವಾ, ಅವರಿಗೂ ಆ ಹೆಸರು ಕೇಳಿದ್ರೆ ಹಾಗೇ, ಜೊತೆಗೆ ಕರಡಿಗಳು ಆ ಬೆಟ್ಟದೊಳಗೆ ಸಭೆ ಸೇರ್ತಾವೆ ಅನ್ನೋ ಅಜ್ಜಿಕತೆನೂ ನೆನಪಾಗುತ್ತೆ. ಕ್ಲಿಂಗ್‌ಮನ್ ಅಂದ್ರೆ ಇದೆಲ್ಲಾ ಎಲ್ಲಿಂದ ಬರ್ಬೇಕು? ನಮ್ಮ ಹಲಸೂರನ್ನ ಬ್ರಿಟಿಷರು ಅಲ್ಸೂರ್ ಮಾಡಿದಾಗ ಹಲಸಿನ ಮರಾನೇ ಹೋಯ್ತಲ್ಲ, ಹಾಗೆ.

ಇನ್ನೊಂದು ವಿಷ್ಯ, ಇದನ್ನ ಹೇಳದೆ ಬಿಡೋಕಾಗಲ್ಲ. 1838ರಲ್ಲಿ ಅಮೆರಿಕ ಸರ್ಕಾರ ಚೆರೋಕಿ ಜನರನ್ನ ಸೈನ್ಯ ಬಿಟ್ಟು ಮನೆ ಹೊಲದಿಂದ ಎಬ್ಬಿಸಿ ಈಗಿನ ಓಕ್ಲಹೋಮಾ ಕಡೆ ಅಟ್ಟಿತು, ಸಾವಿರಾರು ಜನ ಸತ್ರು, ಅದನ್ನೇ ಕಣ್ಣೀರಿನ ಹಾದಿ ಅಂತಾರೆ. ಕೆಲವರು ಇದೇ ಬೆಟ್ಟಗಳಲ್ಲಿ ಅಡಗಿ ಉಳ್ಕೊಂಡ್ರು, ಇವತ್ತು ಅಲ್ಲಿರೋ ಪೂರ್ವದ ಚೆರೋಕಿ ಸಮುದಾಯದಲ್ಲಿ ಅವರ ವಂಶದವರೂ ಇದಾರೆ. ಅಂದ್ರೆ ಜನರನ್ನ ಎಬ್ಬಿಸಿದ ಸುಮಾರು ಇಪ್ಪತ್ತು ವರ್ಷಕ್ಕೆ ಬೆಟ್ಟದ ಹೆಸರೂ ಹೋಯ್ತು. 2022ರಲ್ಲಿ ಅದೇ ಸಮುದಾಯದ ಇಬ್ಬರು ಹೆಣ್ಣುಮಕ್ಕಳು ಹೆಸರು ವಾಪಸ್ ಬೇಕು ಅಂತ ಓಡಾಡೋಕೆ ಶುರು ಮಾಡಿದ್ರು, ಅವರ ಬುಡಕಟ್ಟು ಮಂಡಳಿ ಜೊತೆಗೆ ನಿಂತಿತು, 2024ರ ಸೆಪ್ಟೆಂಬರ್ 18ಕ್ಕೆ ಅಮೆರಿಕದ ಸ್ಥಳನಾಮ ಮಂಡಳಿ ಒಪ್ಪಿತು.

ಏನು ಸಿಗುತ್ತೆ ಅಂದ್ರಲ್ಲ, ಜಮೀನು ವಾಪಸ್ ಸಿಗಲ್ಲ, ಅದು ನಿಜ. ಆದ್ರೆ ವರ್ಷಕ್ಕೆ ಮೂರು ದಿನ, ಅರ್ಧರ್ಧ ದಿನ, ಸ್ಮೋಕಿ ನ್ಯಾಷನಲ್ ಪಾರ್ಕಿನವರು ಆ ಬೆಟ್ಟನ ಪ್ರವಾಸಿಗರಿಗೆ ಕ್ಲೋಸ್ ಮಾಡ್ತಾರೆ, ಆಗ ಚೆರೋಕಿ ಶಾಲೆ ಮಕ್ಕಳು ಬಂದು ಹಿರಿಯರ ಬಾಯಲ್ಲಿ ಭಾಷೆ, ಚರಿತ್ರೆ ಕಲೀತಾರೆ. ಆ ಮಕ್ಕಳು ಬೋರ್ಡ್ ಓದಿದಾಗ ತಮ್ಮ ಮನೆ ಮಾತೇ ಕಾಣ್ಬೇಕು ಅಲ್ವಾ, ನೀವು ಟೀಚರ್, ನಿಮಗೆ ನಾನು ಹೇಳೋದೇನಿದೆ. ನನಗಂತೂ ಬೋರ್ಡಿಗಿಂತ ಈ ಮೂರು ದಿನಾನೇ ದೊಡ್ಡದು ಅನ್ಸುತ್ತೆ. ಇನ್ನೊಂದು ಖುಷಿ ವಿಷ್ಯ, 1820ರ ದಶಕದಲ್ಲಿ ಸಿಕ್ವೋಯಾ ಅನ್ನೋ ಚೆರೋಕಿ ಮನುಷ್ಯ ಮಾಡಿದ ಲಿಪೀಲಿ ಉಚ್ಚಾರಕ್ಕೊಂದು ಅಕ್ಷರ, ಹಾಗಾಗಿ ಕು-ವೋ-ಹಿ ಅಲ್ಲೂ ಮೂರೇ ಅಕ್ಷರ, ಕನ್ನಡದಲ್ಲೂ ಮೂರೇ.

ಪ್ರಶ್ನೆ: ಹಾಗಾದ್ರೆ ಇದು ಮತ್ತೆ ಬದಲಾಗಲ್ಲ ಅಂತ ಗ್ಯಾರಂಟಿ ಇದ್ಯಾ?

ಉತ್ತರ: ಇಲ್ಲ. ಅಲಾಸ್ಕಾದ ಡೆನಾಲಿ ಶಿಖರಕ್ಕೆ 2015ರಲ್ಲಿ ಮೂಲ ಹೆಸರು ಬಂತು, 2025ರ ಜನವರೀಲಿ ಹೊಸ ಅಧ್ಯಕ್ಷರು ಆದೇಶ ಹೊರಡಿಸಿ ಮತ್ತೆ ಹಳೇ ಅಧ್ಯಕ್ಷರೊಬ್ಬರ ಹೆಸರಾದ ಮೆಕಿನ್ಲಿ ಮಾಡಿದ್ರು. ಆದ್ರೂ ಅಲ್ಲಿನ ಜನ ಡೆನಾಲಿ ಅನ್ನೋದು ನಿಲ್ಲಿಸಿಲ್ಲ. ಮುಂದಿನ ಸಲ ಹೋದಾಗ ಬೆಟ್ಟ ಇಳಿದು ಚೆರೋಕಿ ಊರಿಗೂ ಹೋಗ್ಬನ್ನಿ, ರಸ್ತೆ ಬೋರ್ಡುಗಳಲ್ಲಿ ಅದೇ ಸಿಕ್ವೋಯಾ ಲಿಪಿ ಇದೆ, ಅಳಿಯಂದ್ರಿಗೂ ತೋರಿಸಿ.